ಕೈ ಹಿಡಿಯುವವಳು ನಿಂತ ಜಾಗ

ನನ್ನ ಎಡಗೈಯನ್ನು ಮೊಣಕೈವರೆಗೆ ಕುಂಕುಮದಲ್ಲಿ ಅದ್ದಿ ತೆಗೆದ ಹಾಗಿದೆ ಎಂದು ಮೊದಲು ಹೇಳಿದವಳು ಫೌಜಿಯಾ. ಹೇಳಿದ್ದು ಬೆಳಿಗ್ಗೆ ಹನ್ನೊಂದೂವರೆಗೆ, ಆಂಜಿಯೋಗ್ರಾಂ ಕೋಣೆಯಲ್ಲಿ, ಒಬ್ಬ ನಿವೃತ್ತ ಪೋಸ್ಟ್ ಮಾಸ್ತರರ ಹೃದಯದ ರಕ್ತನಾಳದೊಳಗೆ ತಂತಿ ಅರ್ಧ ದಾರಿ ಹೋಗಿದ್ದಾಗ. ನಾನು ಕೈ ನೋಡಿಕೊಂಡೆ. ಎಂದಿನ ಕೈಯೇ. ಕೆಲಸದ ಹೊತ್ತಿನಲ್ಲಿ ನಾವು ಬಳೆ ಹಾಕುವಂತಿಲ್ಲವಾದ್ದರಿಂದ ಇನ್ನೂ ಬೋಳಾಗಿತ್ತು, ಅಷ್ಟೇ.

"ಎಲ್ಲಿ ಕೆಂಪು?" ಎಂದೆ.

"ನಿಮಗೆ ಕಾಣಲ್ಲ ಕುಮುದಮ್ಮ. ಕನ್ನಡಕ ಹಾಕ್ಕೊಂಡಿರೋದು ನಾನು."

ಪೋಸ್ಟ್ ಮಾಸ್ತರರು ಮಲಗಿದಲ್ಲಿಂದಲೇ ಕಣ್ಣು ಹೊರಳಿಸಿದರು. "ಈಗ ನನ್ನ ಕೈ ಬಿಟ್ಟುಬಿಡ್ತೀರೇನಮ್ಮ?"

"ಇಲ್ಲ ಸರ್, ಹಿಡಿದಿದೀನಿ."

"ಹಂಗಾದ್ರೆ ಕೆಂಪೋ ಹಸಿರೋ ಆಮೇಲೆ ನೋಡ್ಕೊಳಿ" ಎಂದು ಅವರು ಮತ್ತೆ ಕಣ್ಣು ಮುಚ್ಚಿದರು.

ನಮ್ಮ ಊರಿನಲ್ಲಿ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದುಕೊಳ್ಳದೆ ಅವರ ಮೈಮೇಲೆ ಸೂಜಿ, ಕತ್ತಿ, ಯಂತ್ರ ಯಾವುದನ್ನೂ ತರುವಂತಿಲ್ಲ. ಹಲ್ಲು ಕೀಳುವವರ ಕುರ್ಚಿಯ ಪಕ್ಕ ಒಂದು ಮೋಟು ಸ್ಟೂಲು ಇರುತ್ತದೆ, ಅದು ನಮ್ಮವರದು. ಕಿವಿ ಚುಚ್ಚಿಸುವಾಗ ಮಗುವಿನ ಎರಡು ಕೈಗೆ ಇಬ್ಬರು. ದನದ ಆಸ್ಪತ್ರೆಯಲ್ಲಿ ಕೈ ಸಿಗದ ಕಾರಣ ಕಿವಿ ಹಿಡಿಯುತ್ತಾರೆ. ಗಡ್ಡ ಮಾಡಿಸುವಾಗ ಬೇಕೋ ಬೇಡವೋ ಎಂಬ ಚರ್ಚೆ ಪುರಸಭೆಯಲ್ಲಿ ಹನ್ನೆರಡು ವರ್ಷದಿಂದ ನಡೆಯುತ್ತಿದೆ. ಅದು ತೀರ್ಮಾನವಾಗುವವರೆಗೆ ಗಂಡಸರು ಕ್ಷೌರದಂಗಡಿಯಲ್ಲಿ ತಮ್ಮ ಬಲಗೈಯನ್ನು ತಮ್ಮದೇ ಎಡಗೈಯಿಂದ ಹಿಡಿದುಕೊಂಡು ಕೂರುತ್ತಾರೆ. ಹೊರಗಿನಿಂದ ವರ್ಗವಾಗಿ ಬಂದ ಡಾಕ್ಟರುಗಳು ಮೊದಲ ವಾರ ನಗುತ್ತಾರೆ, ಎರಡನೆಯ ವಾರ ರೇಗುತ್ತಾರೆ, ಮೂರನೆಯ ವಾರ ತಮಗೇ ಇಂಜೆಕ್ಷನ್ ಬೇಕಾದಾಗ ಮೆಲ್ಲಗೆ ಒಂದು ಕೈ ಚಾಚುತ್ತಾರೆ.

ದೊಡ್ಡಾಸ್ಪತ್ರೆಯಲ್ಲಿ ನಾವು ಹದಿನಾಲ್ಕು ಜನ ಕೈ ಹಿಡಿಯುವವರಿದ್ದೇವೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಪ್ರಶ್ನೆ ಕೇಳುವುದಿಲ್ಲ. ಮೂರು ಜನ ಹಿರಿಯರು ಒಬ್ಬರಾದ ಮೇಲೆ ಒಬ್ಬರು ಐದೈದು ನಿಮಿಷ ನಮ್ಮ ಕೈ ಹಿಡಿದು ನೋಡುತ್ತಾರೆ. ಕೈ ಬೆಚ್ಚಗಿರಬೇಕು, ಒದ್ದೆ ಇರಬಾರದು. ಉಂಗುರ, ಬಳೆ, ಗಡಿಯಾರ ಇಲ್ಲ. ಸೀರೆಗೆ ಪಿನ್ನು ಕೂಡ ಇಲ್ಲ, ರೋಗಿಗೆ ಎಲ್ಲಾದರೂ ತಗುಲೀತು. ಅವರು ಮಾತಾಡಿದರೆ ಮಾತಾಡಬೇಕು, ಇಲ್ಲದಿದ್ದರೆ ಇಲ್ಲ. ಸೀನು ಬಂದರೆ ಭುಜಕ್ಕೆ. ಇಪ್ಪತ್ತಾರು ವರ್ಷ ನಾನು ಇದೇ ಮಾಡಿದ್ದೇನೆ, ಅದರಲ್ಲಿ ಹನ್ನೊಂದು ವರ್ಷ ಹೃದಯದ ಕೋಣೆಯಲ್ಲಿ, ಡಾಕ್ಟರ್ ಶಶಿಮೌಳಿಯವರ ಎದುರು ಬದಿಗೆ. ಅವರು ರೋಗಿಯ ಬಲಕ್ಕೆ, ನಾನು ಎಡಕ್ಕೆ. ಅವರು ಬಲ ಮಣಿಕಟ್ಟಿನಿಂದ ತಂತಿ ತೂರಿಸುತ್ತಾರೆ, ನಾನು ಎಡಗೈ ಹಿಡಿಯುತ್ತೇನೆ. ಯಾರ ಕೈ ಯಾವಾಗ ತಣ್ಣಗಾಗುತ್ತದೆ ಎಂದು ನನಗೆ ಅವರ ಪರದೆಗಿಂತ ಮೊದಲೇ ಗೊತ್ತಾಗುತ್ತದೆ. ವಕೀಲರ ಕೈ ಬೇಗ ತಣ್ಣಗಾಗುತ್ತದೆ. ಅಕ್ಕಸಾಲಿಗರು ಎರಡೇ ಬೆರಳಲ್ಲಿ ಹಿಡಿಯುತ್ತಾರೆ. ಬಸ್ ಡ್ರೈವರುಗಳು ನನ್ನ ಕೈಯನ್ನು ಗೇರ್ ಬದಲಿಸುವ ಹಾಗೆ ಅಲ್ಲಾಡಿಸುತ್ತಾರೆ.

ಫೌಜಿಯಾ ಬಂದದ್ದು ಆ ವರ್ಷ. ಎಕ್ಸ್-ರೇ ಇರುವ ಕೋಣೆಗಳಲ್ಲಿ ಯಾರಿಗೂ ಅತಿಯಾಗಿ ಕಿರಣ ತಾಗದಂತೆ ನೋಡಿಕೊಳ್ಳುವುದು ಅವಳ ಕೆಲಸ. ಇಪ್ಪತ್ತೇಳು ವಯಸ್ಸು, ಊರಿನ ಹುಡುಗಿಯೇ. ಅವಳ ಅಜ್ಜಿಯ ಕಣ್ಣಿನ ಪೊರೆ ತೆಗೆದಾಗ ಕೈ ಹಿಡಿದವಳು ನಾನು. ಓದಿ ವಾಪಸ್ಸು ಬರುವಾಗ ಅವಳು ಒಂದು ಪೆಟ್ಟಿಗೆ ಕನ್ನಡಕ ತಂದಳು. ಈಜುವವರು ಹಾಕಿಕೊಳ್ಳುವಂಥ ದಪ್ಪ ಕನ್ನಡಕ. ಹಾಕಿಕೊಂಡರೆ ಕೋಣೆ ಕೋಣೆಯ ಹಾಗೆಯೇ ಕಾಣುತ್ತದೆ, ಮೇಜು ಮೇಜೇ, ಡಾಕ್ಟರು ಡಾಕ್ಟರೇ. ಆದರೆ ಡಾಕ್ಟರು ಪೆಡಲ್ ಒತ್ತಿ ಯಂತ್ರ ಹೊತ್ತಿಕೊಂಡ ಕೂಡಲೇ ಗಾಳಿಗೆ ಬಣ್ಣ ಬರುತ್ತದೆ. ಮೂಲೆಗಳಲ್ಲಿ ಕೂರಿಸಿದ ಕ್ಯಾಮೆರಾಗಳು ಯಂತ್ರ ಯಾವ ಕಡೆ ವಾಲಿದೆ, ಯಾರು ಎಲ್ಲಿ ನಿಂತಿದ್ದಾರೆ ಎಂದು ನೋಡಿ, ಕಿರಣ ಎಲ್ಲಿ ಎಷ್ಟು ಹರಡಿದೆಯೆಂದು ಅಂದಾಜು ಮಾಡಿ ಕನ್ನಡಕಕ್ಕೆ ಕಳಿಸುತ್ತವಂತೆ. ಕಡಿಮೆ ಇದ್ದಲ್ಲಿ ಎಳೆ ಸೌತೆಕಾಯಿಯ ಹಸಿರು. ಹೆಚ್ಚಾದಂತೆ ನಿಂಬೆ, ಆಮೇಲೆ ಅರಿಸಿನ, ಕೊನೆಗೆ ಕುಂಕುಮ. ಆ ಬಣ್ಣಗಳನ್ನು ಆರಿಸಿದವಳು ಅವಳೇ. ಆರಿಸುವಾಗ ಊರನ್ನು ಸ್ವಲ್ಪ ಮರೆತಿದ್ದಳು ಅನಿಸುತ್ತದೆ. ಮೊದಲ ದಿನ ನರ್ಸುಗಳು ಒಬ್ಬರನ್ನೊಬ್ಬರು ನೋಡಿ, "ನೋಡೇ, ನಿನಗೆ ಬರೀ ಅರಿಸಿನ, ನನಗೆ ಕುಂಕುಮಾನೂ ಬಂತು" ಎಂದು ಹಿಗ್ಗಿದರು. ಕುಂಕುಮ ಬಂದವರು ಹಿಂದೆ ಸರಿಯಬೇಕು ಎಂದು ಅವರಿಗೆ ಒಪ್ಪಿಸಲು ಫೌಜಿಯಾಗೆ ಒಂದು ವಾರ ಹಿಡಿಯಿತು.

ಆಮೇಲೆ ಎಲ್ಲರೂ ಚೆನ್ನಾಗಿಯೇ ಕಲಿತರು. ಯಂತ್ರದ ತೋಳು ವಾಲಿದ ಕಡೆ ನೋಡಿ ನರ್ಸುಗಳು ಹೊಳೆಗೆ ಇಳಿದವರು ಸೆರಗೆತ್ತಿಕೊಂಡು ಸರಿಯುವ ಹಾಗೆ ಬಣ್ಣದಿಂದ ಸರಿದರು. ತಮಗೇನೂ ಆಗುತ್ತಿಲ್ಲ ಎಂದುಕೊಂಡಿದ್ದ ಶಶಿಮೌಳಿಯವರು ತಮ್ಮ ತಲೆಯ ಸುತ್ತ ಅರಿಸಿನ ನೋಡಿ, ಹನ್ನೊಂದು ವರ್ಷದಿಂದ ಟವೆಲು ಒಣಹಾಕಲು ಬಳಸುತ್ತಿದ್ದ, ಕಿರಣ ತಡೆಯುವ ಸೀಸದ ತೂಗುಗಾಜನ್ನು ಮುಖದ ಮುಂದಕ್ಕೆ ಎಳೆದುಕೊಂಡರು. ನಾನೊಬ್ಬಳು ಮಾತ್ರ ನಿಂತಲ್ಲೇ ನಿಂತೆ. ಸೀಸದ ಏಪ್ರನ್ ಮೈಗೆ ಇತ್ತು. ಆದರೆ ಕೈ ಹೊರಗೆ. ಕೈ ಹೊರಗಿರಲೇಬೇಕು, ಅದೇ ಅಲ್ಲವೆ ಕೆಲಸ.

"ಇಷ್ಟು ವರ್ಷ ನಿಮ್ಮ ಬಿಲ್ಲೆ ಏನ್ ತೋರಿಸ್ತಿತ್ತು?" ಎಂದು ಫೌಜಿಯಾ, ನನ್ನ ಕೈ ಕೆಂಪೆಂದ ದಿನವೇ ಮಧ್ಯಾಹ್ನ, ಕೇಳಿದಳು. ಕಿರಣ ಎಷ್ಟು ತಾಗಿತು ಎಂದು ಅಳೆಯಲು ನಮಗೆಲ್ಲ ಒಂದೊಂದು ಪ್ಲಾಸ್ಟಿಕ್ ಬಿಲ್ಲೆ ಕೊಟ್ಟಿರುತ್ತಾರೆ. ಮೂರು ತಿಂಗಳಿಗೊಮ್ಮೆ ಎಲ್ಲಿಗೋ ಕಳಿಸಿ ಓದಿಸಿ ತರಿಸುತ್ತಾರೆ.

"ಸೊನ್ನೆ" ಎಂದೆ ಹೆಮ್ಮೆಯಿಂದ. "ಒಂದು ಸಲಾನೂ ಏನೂ ಬಂದಿಲ್ಲ."

"ಎಲ್ಲಿ ಹಾಕ್ಕೊಳ್ತೀರಿ ಅದನ್ನ?"

"ಹಾಕ್ಕೊಳ್ಳೋ ಹಾಗಿಲ್ಲವಲ್ಲ, ಅದಕ್ಕೆ ಪಿನ್ನಿದೆ. ಬೀರುವಿನಲ್ಲಿ ಟಿಫನ್ ಡಬ್ಬಿ ಪಕ್ಕ ಇಟ್ಟಿರ್ತೀನಿ. ಜೋಪಾನವಾಗಿದೆ."

ಅವಳು ಉಳಿದ ಹದಿಮೂರು ಜನರ ಬಿಲ್ಲೆ ಎಲ್ಲಿದೆ ಎಂದು ವಿಚಾರಿಸಲು ಎದ್ದು ಹೋದಳು. ಎಲ್ಲರದೂ ಟಿಫನ್ ಡಬ್ಬಿಯ ಪಕ್ಕವೇ ಇತ್ತು. ಒಬ್ಬರದು ಮಾತ್ರ ದೇವರ ಫೋಟೋ ಹಿಂದೆ. ನಮ್ಮ ಟಿಫನ್ ಡಬ್ಬಿಗಳಿಗೆ ಹನ್ನೊಂದು ವರ್ಷದಲ್ಲಿ ಒಂದಿಷ್ಟೂ ಕಿರಣ ತಾಗಿರಲಿಲ್ಲ ಎಂಬುದು ಹೀಗೆ ಖಚಿತವಾಯಿತು.

ವಾರದೊಳಗೆ ಸೂಪರಿಂಟೆಂಡೆಂಟರ ಆದೇಶ ಬಂತು. ಹೃದಯದ ಕೋಣೆಯಲ್ಲಿ ಕೈ ಹಿಡಿಯುವವರು ಇನ್ನು ಮೇಜಿನ ತಲೆಯ ಕಡೆ ನಿಲ್ಲಕೂಡದು, ಬೇರೆ ದಾರಿ ಹುಡುಕತಕ್ಕದ್ದು. ಕೈ ಹಿಡಿಯುವುದನ್ನು ನಿಲ್ಲಿಸಿ ಎಂದು ಬರೆಯಲು ಅವರಿಗೆ ಧೈರ್ಯವಿರಲಿಲ್ಲ. ಬರೆದಿದ್ದರೂ ಊರಿನ ಜನ ಎದೆ ಹಿಡಿದುಕೊಂಡು ಮನೆಯಲ್ಲೇ ಕೂರುತ್ತಿದ್ದರೇ ಹೊರತು ಒಬ್ಬರೇ ಬಂದು ಆ ಮೇಜಿನ ಮೇಲೆ ಮಲಗುತ್ತಿರಲಿಲ್ಲ.

ದಾರಿ ಹುಡುಕಿದೆವು. ನನ್ನ ಮುಂದೆ ಸೀಸದ ಗಾಜು ನಿಲ್ಲಿಸಿದರೆ ಯಂತ್ರದ ತೋಳು ತಿರುಗಿ ಅದಕ್ಕೆ ಡಿಕ್ಕಿ ಹೊಡೆಯಿತು. ಸೀಸದ ಕೈಗವಸು ತರಿಸಿದರು. ಅದನ್ನು ಹಾಕಿಕೊಂಡು ಹಿಡಿದಾಗ ಒಬ್ಬ ಬಳೆ ವ್ಯಾಪಾರಿ, "ಇದು ಕೈಯೋ ಎಮ್ಮೆ ಗೊರಸೋ" ಎಂದರು. ಬಡಗಿಯಿಂದ ಉದ್ದನೆಯ ಕೋಲಿನ ತುದಿಗೆ ಮರದ ಕೈ ಮಾಡಿಸಿದೆವು. ಸಾಗುವಾನಿಯದು, ಉಗುರು ಸಮೇತ, ಚೆಂದವಿತ್ತು. ಕೋಲಿನ ಈ ತುದಿ ನನ್ನ ಹತ್ತಿರ, ಆ ತುದಿ ರೋಗಿಯ ಹತ್ತಿರ. ಹಿಡಿದುಕೊಂಡವರೆಲ್ಲ ಒಂದೇ ಮಾತು ಹೇಳಿದರು: "ಇದು ಬೆವರೋದಿಲ್ಲ."

ಕೊನೆಗೆ ಒಂದು ಸಂಜೆ, ರೋಗಿಗಳು ಯಾರೂ ಇಲ್ಲದಾಗ, ಮೇಜಿನ ಮೇಲೆ ರೋಗಿಯ ಬದಲು ನೀರು ತುಂಬಿದ ಕ್ಯಾನು ಮಲಗಿಸಿ ಫೌಜಿಯಾ ಯಂತ್ರ ಹೊತ್ತಿಸಿದಳು. ಏಪ್ರನ್ ತೊಟ್ಟು, ಕನ್ನಡಕ ಹಾಕಿಕೊಂಡು ನಾನು ಮೇಜಿನ ಸುತ್ತ ನಡೆದೆ. ನಾನು ನಿಲ್ಲುತ್ತಿದ್ದ ಜಾಗವನ್ನು ಮೊದಲ ಸಲ ನೋಡಿದೆ. ಹೋಳಿಯ ದಿನ ಬೀದಿಯ ನಡುವೆ ಗಾಳಿ ಹೇಗಿರುತ್ತದೋ ಹಾಗಿತ್ತು. ನಾನು ಅದರೊಳಗೆ ಹನ್ನೊಂದು ವರ್ಷ ನಿಂತು ಜನರಿಗೆ ಏನೂ ಆಗಲ್ಲ, ಏನೂ ಆಗಲ್ಲ ಎನ್ನುತ್ತಿದ್ದೆ. ಅಲ್ಲಿಂದ ಕೆಳಗೆ ನಡೆಯುತ್ತ ಹೋದೆ. ಸೊಂಟದ ಹತ್ತಿರ ಅರಿಸಿನ, ಮಂಡಿಯ ಹತ್ತಿರ ನಿಂಬೆ. ಮೇಜಿನ ತುದಿಯಲ್ಲಿ ಗಾಳಿ ತೊಳೆದು ಒರೆಸಿದ ಹಾಗಿತ್ತು, ಹೆಸರಿಗೂ ಹಸಿರಿರಲಿಲ್ಲ.

"ಇಲ್ಲಿ ನಿಂತ್ಕೋಬಹುದಾ?" ಎಂದು ಕೂಗಿ ಕೇಳಿದೆ.

"ಆರಾಮಾಗಿ. ಆದ್ರೆ ಅಲ್ಲಿಂದ ಕೈ ಎಟುಕಲ್ವಲ್ಲ?"

"ಕಾಲು ಎಟುಕುತ್ತೆ."

ಯಂತ್ರ ನಡೆಸುವ ಕೋಣೆಯ ಗಾಜಿನ ಆಚೆ ಅವಳು ಯಂತ್ರ ಆರಿಸಿದಳು. "ಒಪ್ತಾರಾ ಕುಮುದಮ್ಮ?"

ಮುದುಕರು ತಕ್ಷಣ ಒಪ್ಪಿದರು. ಹಿರಿಯರ ಕಾಲು ಮುಟ್ಟುವುದರಲ್ಲಿ ಯಾರಿಗೆ ಏನು ತೊಂದರೆ. ಮೊದಲು ಮಲಗಿದವರು ಎಂಬತ್ತೆರಡರ ಒಬ್ಬ ಅಜ್ಜಿ. ನಲವತ್ತು ನಿಮಿಷ ನಾನು ಅವರ ಎರಡು ಪಾದ ಹಿಡಿದಿದ್ದೆ. ಎದ್ದ ಮೇಲೆ, "ಎದೆ ವಿಷಯ ಗೊತ್ತಿಲ್ಲ ಕಣವ್ವ, ಮಂಡಿನೋವು ಹೋಯ್ತು" ಎಂದರು. ಸುದ್ದಿ ಹಬ್ಬಿತು. ಆಸ್ಪತ್ರೆಯ ಗೇಟಿನೆದುರಿನ ಅಂಗಡಿಯವರು ಹಿಮ್ಮಡಿ ಉಜ್ಜುವ ಕಲ್ಲನ್ನು ಮಾಲೆ ಮಾಡಿ ನೇತುಹಾಕಿದರು. ಆಂಜಿಯೋಗ್ರಾಂ ಗೊತ್ತಾದ ಮನೆಗಳಲ್ಲಿ ಹಿಂದಿನ ದಿನ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಕೂರುವುದು ಶುರುವಾಯಿತು.

ತೊಂದರೆ ಬಂದದ್ದು ನನಗಿಂತ ಚಿಕ್ಕವರಿಂದ. ನನಗೆ ಐವತ್ತಮೂರು. ದೊಡ್ಡವರು ಚಿಕ್ಕವರ ಕಾಲು ಮುಟ್ಟಿದರೆ ಚಿಕ್ಕವರ ಆಯುಸ್ಸು ಕಡಿಮೆಯಾಗುತ್ತದೆಂದು ಊರಿಗೆಲ್ಲ ಗೊತ್ತಿರುವಾಗ, ಆಯುಸ್ಸು ಉಳಿಸಿಕೊಳ್ಳಲೆಂದೇ ಆಸ್ಪತ್ರೆಗೆ ಬಂದವರು ಇದಕ್ಕೆ ಹೇಗೆ ಒಪ್ಪಿಯಾರು. ನಲವತ್ತೈದರ ಒಬ್ಬ ವಕೀಲರೇ ಇದಕ್ಕೂ ಒಂದು ದಾರಿ ತೋರಿಸಿದರು. ಮದುವೆಯಲ್ಲಿ ಅತ್ತೆ ಮಾವ ಅಳಿಯನ ಕಾಲು ತೊಳೆಯುವುದಿಲ್ಲವೇ, ಅದರಿಂದ ಯಾವ ಅಳಿಯ ಸತ್ತಿದ್ದಾನೆ ಎಂದು ಅವರು ಮೇಜಿನ ಮೇಲೆ ಎದ್ದು ಕೂತು ವಾದಿಸಿದರು. ಸೂಪರಿಂಟೆಂಡೆಂಟರು ಅದನ್ನೇ ಆದೇಶ ಮಾಡಿದರು: ಚಿಕಿತ್ಸೆಯ ಅವಧಿಗೆ ಮಾತ್ರ, ಚಿಕ್ಕ ವಯಸ್ಸಿನ ಗಂಡಸು ರೋಗಿಗಳನ್ನು ಕೈ ಹಿಡಿಯುವವರ ಅಳಿಯಂದಿರೆಂದು ಭಾವಿಸತಕ್ಕದ್ದು. ಹೆಂಗಸರಿಗೆ ಬೇರೆ ಕಾಗದ ಬೇಕಾಗಲಿಲ್ಲ. ಮದುಮಗಳ ಕಾಲಿಗೆ ಅರಿಸಿನ ಹಚ್ಚುವವರು ಹಿರಿಯರೇ. ಆರು ವಾರದಲ್ಲಿ ನನಗೆ ಹತ್ತೊಂಬತ್ತು ಜನ ಅಳಿಯಂದಿರಾದರು. ಒಬ್ಬ ಮಾತ್ರ ಎದ್ದು ಹೋಗುವಾಗ ಪಂಚೆ, ಶಲ್ಯ ಏನೂ ಕೊಡಲಿಲ್ಲವೆಂದು ಮುಖ ಊದಿಸಿಕೊಂಡ.

ಎಲ್ಲ ಸರಿಹೋಯಿತು ಎನ್ನುವಾಗ ನನ್ನ ತಮ್ಮ ಉಮಾಪತಿಗೆ ಎದೆ ನೋವು ಬಂತು.

ಉಮಾಪತಿ ನನಗಿಂತ ಆರು ವರ್ಷ ಚಿಕ್ಕವನು. ಸಂತೆಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾನೆ. ರೆಪ್ಪೆಯವರೆಗೆ ಹಿಟ್ಟು, ಆದರೆ ನಡತೆಯಲ್ಲಿ ಒಂದು ಕಾಳೂ ಅತ್ತಿತ್ತ ಹೋಗಬಾರದು ಎನ್ನುವವನು. ಹಬ್ಬಕ್ಕೆ ನನ್ನ ಮನೆಗೆ ಬಂದರೆ ಬಾಗಿಲಲ್ಲೇ ನನ್ನ ಕಾಲಿಗೆ ಬೀಳುತ್ತಾನೆ, ನಾನು ಕೈಯಲ್ಲಿ ಸೌಟು ಹಿಡಿದು ಓಡಿ ಬಂದಿದ್ದರೂ ಬಿಡುವುದಿಲ್ಲ. ಶಶಿಮೌಳಿಯವರು ಪರೀಕ್ಷೆ ಮಾಡಿ, ಒಂದು ರಕ್ತನಾಳ ಮುಚ್ಚಿಯೇ ಹೋಗುವ ಹಾಗಿದೆ, ವಾರದೊಳಗೆ ಸ್ಟೆಂಟ್ ಹಾಕಬೇಕು ಎಂದರು. ಉಮಾಪತಿ ತಲೆಯಾಡಿಸಿ ಮನೆಗೆ ಹೋದ. ಸೋಮವಾರ ಬರಲಿಲ್ಲ. ಗುರುವಾರವೂ ಬರಲಿಲ್ಲ. ನಾನೇ ಗಿರಣಿಗೆ ಹೋದೆ.

"ಬೇರೆಯವರ ಕೈ ನಾನು ಹಿಡಿಯೋ ಹಾಗಿಲ್ಲ" ಎಂದ, ಬೆಲ್ಟು ತಿರುಗುವ ಸದ್ದಿನ ಮೇಲೆ. ಅದು ನಿಜ. ಸ್ವಂತ ಮನೆಯವರೇ ಕೈ ಹಿಡಿಯುವ ಕೆಲಸದಲ್ಲಿರುವಾಗ ಹೊರಗಿನವರ ಕೈ ಹಿಡಿದರೆ ಆ ಮನೆಯವರು ಸತ್ತರೆಂದು ಸಾರಿದ ಹಾಗೆ. "ನೀನು ಕೈ ಹಿಡಿಯೋ ಹಾಗಿಲ್ಲ. ನಿನ್ನ ಕೈಗೆ ಕಾಲು ಕೊಟ್ಟು ಮಲಗೋ ಜನ್ಮ ನನ್ನದಲ್ಲ. ಇನ್ನೇನು ಉಳೀತು?"

"ಎದೆ ಉಳೀಬೇಕಲ್ಲೋ."

"ಉಳೀತದೆ ಬಿಡು. ಗ್ಯಾಸು ಅದು."

ಅವನ ಹೆಂಡತಿ ದಾಕ್ಷಾಯಿಣಿ ಜೋಳದ ಚೀಲದ ಮೇಲೆ ಕೂತು ಜರಡಿ ಹಿಡಿಯುತ್ತಿದ್ದಳು. "ಅತ್ತಿಗೆ, ಎಲ್ಲಾರೂ ಅಳಿಯ ಆಗ್ತಾರಂತಲ್ಲ, ಇವರನ್ನೂ ಮಾಡ್ಕೊಳಿ" ಎಂದಳು.

"ತಮ್ಮ ಹೇಗೆ ಅಳಿಯ ಆಗ್ತಾನೆ ದಾಕ್ಷಾಯಿಣಿ."

"ಯಾಕಾಗಬಾರ್ದು? ಅಕ್ಕನ ಮಗಳನ್ನ ತಂದ್ಕೊಳ್ಳೋದಿಲ್ವಾ ಜನ? ನೀವು ಒಂದು ಹೆಣ್ಣು ಹೆತ್ತಿದ್ರೆ ಇವರು ನಿಮ್ಮನೆ ಅಳಿಯಾನೇ ಆಗಿರೋರು. ನಾನೂ ತಪ್ಪಿಸ್ಕೊಂಡಿರ್ತಿದ್ದೆ."

"ಇಬ್ರು ಗಂಡು ಹೆತ್ತಾಳಲ್ಲ" ಎಂದು ಉಮಾಪತಿ ಗಂಭೀರವಾಗಿಯೇ ಹೇಳಿದ. ಅವನಿಗೆ ಇದು ತಮಾಷೆಯಾಗಿರಲಿಲ್ಲ. "ಸುಳ್ಳು ಸಂಬಂಧ ಹೇಳ್ಕೊಂಡು ಮಲಗಲ್ಲ ನಾನು."

"ಕಿವಿ ಹಿಡೀಲಾ?" ಎಂದು ಕೇಳಿದೆ.

"ನಾನೇನು ದನಾನಾ?"

"ಅನುಮಾನ ಇದೆ" ಎಂದು ದಾಕ್ಷಾಯಿಣಿ ಜರಡಿ ಕೊಡವಿದಳು. ಆದರೆ ನಾನು ಹೊರಟಾಗ ರಸ್ತೆಯವರೆಗೂ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡಳು. "ಅತ್ತಿಗೆ, ಅರ್ಧ ಚೀಲ ಎತ್ತೋಕ್ಕಾಗ್ತಿಲ್ಲ ಇವರಿಗೆ. ಕೂತಲ್ಲೇ ಬೆವರ್ತಾರೆ. ನನ್ನ ಮುಂದೆ ಹಾಡು ಗುನುಗ್ತಾರೆ, ನೋವು ಗೊತ್ತಾಗದ ಹಾಗೆ. ಹೇಗಾದ್ರೂ ಮಲಗಿಸಿ."

ಹೇಗಾದರೂ ಎಂದರೆ ಹೇಗೆ. ನಾನು ಫೌಜಿಯಾ ಹತ್ತಿರ ನನ್ನ ಹಳೆಯ ಜಾಗವನ್ನು ಒಂದೇ ಒಂದು ಸಲಕ್ಕೆ ಬಿಟ್ಟುಕೊಡು ಎಂದು ಕೇಳಿದೆ. ಒಂದೇ ಸಲ ನಿಂತರೆ ಏನೂ ಆಗಲಿಕ್ಕಿಲ್ಲ, ನಿಜ, ಎಂದಳು ಅವಳು. ಆದರೆ ಹನ್ನೊಂದು ವರ್ಷ ಬಿಲ್ಲೆ ಬೀರುವಿನಲ್ಲಿದ್ದವರ ಕೈಗೆ ಈಗಾಗಲೇ ಎಷ್ಟು ತಾಗಿದೆಯೆಂದು ತನಗೂ ಗೊತ್ತಿಲ್ಲ, ಗೊತ್ತಿಲ್ಲದ್ದರ ಮೇಲೆ ಇನ್ನಷ್ಟು ಹಾಕಲಾರೆ. ನನ್ನ ಎಡಗೈಯ ಹೆಬ್ಬೆರಳಿನ ಉಗುರಿನಲ್ಲಿ ಒಂದು ಕಪ್ಪು ಗೆರೆ ಇತ್ತು. ವಯಸ್ಸಿನದು ಎಂದುಕೊಂಡಿದ್ದೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಚರ್ಮದ ಡಾಕ್ಟರಿಗೆ ಚೀಟಿ ಬರೆದಳು. ಚರ್ಮದ ಡಾಕ್ಟರು ಸದ್ಯಕ್ಕೇನಿಲ್ಲ, ತಿಂಗಳು ತಿಂಗಳು ತೋರಿಸಿ ಎಂದರು. ಅದನ್ನು ನಾನು ಮನೆಯಲ್ಲಿ ಹೇಳಲಿಲ್ಲ.

ಹತ್ತನೆಯ ದಿನ ಉಮಾಪತಿ ಗಿರಣಿಯ ಬಾಯಿಗೆ ಗೋಧಿ ಸುರಿಯುತ್ತ ಅದರ ಮೇಲೆಯೇ ಒರಗಿದ. ಪಕ್ಕದ ಎಣ್ಣೆ ಅಂಗಡಿಯವರು ಆಟೋದಲ್ಲಿ ಹಾಕಿಕೊಂಡು ಬಂದರು. ಹತ್ತು ಗಂಟೆಗೆ ಅವನು ಹೃದಯದ ಕೋಣೆಯ ಮೇಜಿನ ಮೇಲಿದ್ದ. ಮಲಗಿರಲಿಲ್ಲ, ಹಸಿರು ಹೊದಿಕೆಯೊಳಗೆ ಕಾಲು ಮಡಚಿಕೊಂಡು, ಊಟಕ್ಕೆ ಕೂತವನ ಹಾಗೆ ಚಕ್ಕಂಬಕ್ಕಳ ಹಾಕಿ ಕೂತಿದ್ದ. ಮುಖ ಹಿಟ್ಟಿಲ್ಲದೆಯೂ ಬೆಳ್ಳಗಿತ್ತು.

"ಕಾಲು ಚಾಚಿ ಮಲಗಿ ಉಮಾಪತಿಯವರೇ" ಎಂದರು ಶಶಿಮೌಳಿ.

"ಮಲಗ್ತೀನಿ. ಚಾಚಲ್ಲ."

"ಹೊತ್ತು ಹೋದ್ರೆ ನಿಮ್ಮ ಹೃದಯದ ಮಾಂಸ ಸಾಯ್ತಾ ಹೋಗುತ್ತೆ. ನಾನು ಹೆದರಿಸ್ತಿಲ್ಲ."

"ಗೊತ್ತು ಡಾಕ್ಟ್ರೇ. ಅಕ್ಕ ಎಲ್ಲಿ?"

ನಾನು ಮೇಜಿನ ತುದಿಯಲ್ಲಿ, ನನ್ನ ಹೊಸ ಜಾಗದಲ್ಲಿ ನಿಂತಿದ್ದೆ. ಅವನ ತುಟಿಯ ಸುತ್ತ ಬೂದು ಬಣ್ಣ ಕಂಡಿತು. ಅದನ್ನು ನೋಡಲು ಕನ್ನಡಕ ಬೇಕಿರಲಿಲ್ಲ. ಆದೇಶ, ಉಗುರು, ಚೀಟಿ ಯಾವುದೂ ಆಗ ನನ್ನ ತಲೆಯಲ್ಲಿರಲಿಲ್ಲ. ನಡೆದುಕೊಂಡು ತಲೆಯ ಕಡೆಗೆ ಹೋಗಿ, ಹನ್ನೊಂದು ವರ್ಷ ನಿಂತ ಜಾಗದಲ್ಲಿ ನಿಂತು, ಅವನ ಎಡಗೈ ಹಿಡಿದೆ. ತಣ್ಣಗಿತ್ತು. "ಮಲಗೋ" ಎಂದೆ. ಅವನು ಮಲಗಿದ, ಕಾಲು ಮಾತ್ರ ಹೊದಿಕೆಯೊಳಗೆ ಮಂಡಿ ಮಡಚಿಯೇ ಇಟ್ಟುಕೊಂಡ. ಶಶಿಮೌಳಿಯವರು ಇಷ್ಟಾದರೂ ಸಿಕ್ಕಿತಲ್ಲ ಎಂದು ಬಲ ಮಣಿಕಟ್ಟಿಗೆ ಸೂಜಿ ಹಾಕಿದರು.

ಗಾಜಿನಾಚೆಯಿಂದ ಮೈಕಿನಲ್ಲಿ ಫೌಜಿಯಾ ಧ್ವನಿ ಬಂತು. "ಕುಮುದಮ್ಮ, ಕೆಳಗೆ ಹೋಗಿ."

ನಾನು ಹೋಗಲಿಲ್ಲ.

"ಕುಮುದಮ್ಮ."

"ಮುಗೀಲಿ, ಆಮೇಲೆ ಬರೆದು ಕಳಿಸು ಏನು ಬೇಕಾದ್ರೂ" ಎಂದೆ.

ಬಾಗಿಲು ತೆರೆಯಿತು. ಫೌಜಿಯಾ ಏಪ್ರನ್ ಕಟ್ಟಿಕೊಳ್ಳುತ್ತಲೇ ಒಳಗೆ ಬಂದಳು. ನನ್ನ ತೋಳು ಹಿಡಿದೆಳೆಯುತ್ತಾಳೆ ಅಂದುಕೊಂಡೆ. ಅವಳು ನನ್ನ ಕಡೆ ನೋಡಲೇ ಇಲ್ಲ. ತನ್ನ ಕಣ್ಣಿನ ಕನ್ನಡಕ ತೆಗೆದು, ಬಗ್ಗಿ, ಉಮಾಪತಿಯ ಕಿವಿಗಳಿಗೆ ಸಿಕ್ಕಿಸಿದಳು. ರೋಗಿಗಳಿಗೆ ಅದನ್ನು ತೋರಿಸುವ ಹಾಗಿಲ್ಲ, ಹೆದರುತ್ತಾರೆಂದು ಅವಳೇ ನಿಯಮ ಬರೆದು ಗೋಡೆಗೆ ಅಂಟಿಸಿದ್ದಳು. ಆ ಕಾಗದದ ಕೆಳಗೇ ನಿಂತು, "ಅಣ್ಣ, ಸುಮ್ನೆ ನೋಡ್ತಿರಿ. ತಲೆ ಮಾತ್ರ ಎತ್ತಬೇಡಿ" ಎಂದು ಹೇಳಿ ನಾಲ್ಕು ಹೆಜ್ಜೆ ಹಿಂದೆ ಸರಿದಳು.

ಶಶಿಮೌಳಿಯವರು ಪೆಡಲ್ ಒತ್ತಿದರು. ಯಂತ್ರ ಗುಂಯ್ಗುಟ್ಟಿತು. ನನಗೆ ಕಂಡದ್ದು ಪರದೆಯ ಮೇಲೆ ನಡುಗುವ ಕಪ್ಪು ಬೇರುಗಳು, ಅಷ್ಟೇ. ಉಮಾಪತಿಗೆ ಏನು ಕಂಡಿತೋ, ಅವನ ಬೆರಳುಗಳು ನನ್ನ ಕೈಯೊಳಗೆ ಬಿಗಿಯಾದವು. ಸದ್ದು ನಿಂತಿತು.

"ಇದೇನು ಹಾರ್ತಿರೋದು?" ಎಂದ.

"ಕಿರಣ" ಎಂದಳು ಫೌಜಿಯಾ.

"ಆ ಯಂತ್ರದಿಂದ ಅಕ್ಕನ ಮೇಲೆ ಬೀಳ್ತಾ ಇದೆಯಾ?"

"ಯಂತ್ರದಿಂದ ನಿಮ್ಮೊಳಗೆ ಹೋಗುತ್ತೆ ಅಣ್ಣ. ನಿಮ್ಮ ಎದೆಗೆ ಬಡಿದು ಚದುರಿ, ಅಲ್ಲಿಂದ ಅವರ ಮೇಲೆ ಹಾರುತ್ತೆ."

"ಅಂದ್ರೆ ನನ್ನಿಂದ ಹಾರ್ತಿದೆ."

"ಹೂಂ. ನಿಮ್ಮಿಂದಲೇ."

"ಇನ್ನೊಂದು ಶಾಟ್" ಎಂದರು ಶಶಿಮೌಳಿ, ಯಾರನ್ನೂ ನೋಡದೆ. ಮತ್ತೆ ಗುಂಯ್. ಉಮಾಪತಿ ಪರದೆಯ ಕಡೆ ನೋಡಲಿಲ್ಲ, ತನ್ನ ಎದೆಯ ಕಡೆ ನೋಡಲಿಲ್ಲ. ನನ್ನ ಮಣಿಕಟ್ಟನ್ನು, ಆಮೇಲೆ ಮೊಣಕೈಯನ್ನು, ಆಮೇಲೆ ಕುತ್ತಿಗೆಯನ್ನು ನೋಡಿದ. ಗಿರಣಿಯಲ್ಲಿ ಬೀಸುವ ಕಲ್ಲಿನ ಹತ್ತಿರ ಯಾರಾದರೂ ಒಳ್ಳೆ ಸೀರೆ ಉಟ್ಟು ಬಂದು ನಿಂತರೆ ಅವನು ಹೀಗೆಯೇ ನೋಡುತ್ತಾನೆ.

"ಎಷ್ಟು ವರ್ಷದಿಂದ ನಿಂತಿದೀಯ ಇಲ್ಲಿ?"

"ಮಾತಾಡಬೇಡ. ಉಸಿರು ಹಿಡೀಬೇಕು ಈಗ."

"ಹನ್ನೊಂದು" ಎಂದಳು ಫೌಜಿಯಾ.

ಅವನು ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡ. ಇಪ್ಪತ್ತಾರು ವರ್ಷದಲ್ಲಿ ಯಾರೂ ಹಾಗೆ ಮಾಡಿರಲಿಲ್ಲ. ಅಳುವವರು, ಉಗುರು ಊರುವವರು, ನಿದ್ದೆ ಹೋದವರು ಎಲ್ಲರನ್ನೂ ಕಂಡಿದ್ದೆ. ಕೈ ಎಳೆದುಕೊಂಡವರನ್ನು ಕಂಡಿರಲಿಲ್ಲ. ನನ್ನ ಬೆರಳುಗಳು ಹಿಡಿದ ಆಕಾರದಲ್ಲಿಯೇ ಗಾಳಿಯಲ್ಲಿ ಉಳಿದವು. ನಾನು ಮತ್ತೆ ಹಿಡಿಯಲು ಹೋದೆ, ಅವನು ಕೈಯನ್ನು ತೊಡೆಯ ಕೆಳಗೆ ಸೇರಿಸಿಬಿಟ್ಟ. ಚಿಕ್ಕವನಿದ್ದಾಗ ಉಗುರು ಕತ್ತರಿಸಲು ಕರೆದರೆ ಹೀಗೆಯೇ ಮಾಡುತ್ತಿದ್ದ.

"ಉಮಾಪತಿ, ಆಟ ಆಡಬೇಡ. ಕೈ ಕೊಡು."

"ಕೊಡಲ್ಲ."

"ಉಮಾಪತಿಯವರೇ" ಎಂದರು ಶಶಿಮೌಳಿ, "ತಂತಿ ಒಳಗಿದೆ. ನೀವಿಬ್ಬರೂ ಏನಾದ್ರೂ ಒಂದು ನಿರ್ಧಾರ ಮಾಡಿ."

ಮೇಜಿನ ಇನ್ನೊಂದು ತುದಿಯಲ್ಲಿ ಹೊದಿಕೆ ಅಲ್ಲಾಡಿತು. ಮಂಡಿಗಳ ಗುಡ್ಡ ಮೆಲ್ಲಗೆ ಇಳಿಯಿತು. ಹಸಿರು ಬಟ್ಟೆಯ ಅಂಚಿನಿಂದ ಮೊದಲು ಒಂದು ಹೆಬ್ಬೆರಳು, ಆಮೇಲೆ ಪೂರ್ತಿ ಪಾದ ಹೊರಗೆ ಬಂತು. ಸ್ವಲ್ಪ ಹೊತ್ತಿಗೆ ಎರಡನೆಯದೂ. ಅವನ ಮುಖ ಗೋಡೆಯ ಕಡೆ ತಿರುಗಿತ್ತು.

"ಹೋಗಕ್ಕ" ಎಂದ. "ಡಾಕ್ಟ್ರು ಕಾಯ್ತಿದಾರೆ."

ನಾನು ನಡೆದೆ. ಐದು ಹೆಜ್ಜೆಯ ದಾರಿ ಅದು. ಕುಂಕುಮ, ಅರಿಸಿನ, ನಿಂಬೆ ಎಲ್ಲಿ ಮುಗಿಯುತ್ತದೆಂದು ನನಗೆ ಬಾಯಿಪಾಠವಾಗಿತ್ತು, ಆದರೂ ಅವತ್ತು ಏನನ್ನೂ ಎಣಿಸಲಿಲ್ಲ. ತಮ್ಮನ ಪಾದವನ್ನು ಇಷ್ಟು ಹತ್ತಿರದಿಂದ ನೋಡಿ ನಲವತ್ತು ವರ್ಷವಾಗಿತ್ತು. ಅಗಲವಾಗಿ, ಒರಟಾಗಿ, ಬೆರಳುಗಳ ಮೇಲೆ ಕೂದಲು ಹುಟ್ಟಿ, ಥೇಟು ಅಪ್ಪನ ಪಾದವಾಗಿತ್ತು. ಹಿಮ್ಮಡಿಯ ಬಿರುಕುಗಳಲ್ಲಿ ಎಷ್ಟು ತೊಳೆದರೂ ಹೋಗದ ಬಿಳುಪಿತ್ತು. ಎರಡೂ ಕೈಯಿಂದ ಹಿಡಿದುಕೊಂಡೆ. ಅವನು ಒಮ್ಮೆ ಬೆಚ್ಚಿ ಎಳೆದುಕೊಳ್ಳಲು ನೋಡಿ, ತಡೆದುಕೊಂಡ.

"ಕಚಗುಳಿ ಇಟ್ರೆ ಎದ್ದು ಹೋಗ್ತೀನಿ ನೋಡು."

"ಇಡಲ್ಲ ಮಾರಾಯ."

"ಉಸಿರು ಹಿಡೀರಿ" ಎಂದರು ಶಶಿಮೌಳಿ. ಯಂತ್ರ ಗುಂಯ್ಗುಟ್ಟಿತು. ತಲೆ ಎತ್ತಬೇಡಿ ಎಂದು ಅಷ್ಟು ಹೇಳಿದ್ದರೂ ಉಮಾಪತಿ ಗಲ್ಲವನ್ನು ಎದೆಗೆ ಒತ್ತಿ, ಆ ದಪ್ಪ ಕನ್ನಡಕದೊಳಗಿಂದ, ತನ್ನ ಮೈಯುದ್ದಕ್ಕೂ ದಾಟಿ ನನ್ನನ್ನು ನೋಡಿದ. ಮೊದಲು ಕೈ, ಆಮೇಲೆ ಮುಖ, ಆಮೇಲೆ ಮತ್ತೆ ಕೈ. ಯಂತ್ರ ನಿಲ್ಲುವವರೆಗೂ ನೋಡಿದ. ಆಮೇಲೆ ತಲೆ ಕೆಳಗಿಟ್ಟು, ಹಿಡಿದಿದ್ದ ಉಸಿರು ಬಿಟ್ಟ.

"ಡಾಕ್ಟ್ರೇ" ಎಂದ, "ಈಗ ನೀವು ಎಷ್ಟು ಹೊತ್ತು ಬೇಕಾದ್ರೂ ತಗೊಳಿ."